ಹೊನ್ನವ್ವನ ಕೌದಿ, ನನ್ನ ಸ್ಪ್ಯಾನಿಷು

ಮೂವತ್ತು ವರ್ಷ ಬಾಗೇವಾಡಿ–ನಿಡಗುಂದಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವನು ನಾನು, ಖಂಡೆಪ್ಪ. ಟಿಕೆಟ್ಟಿಗೆ ಚೌಕಾಸಿ ಇಲ್ಲ ನೋಡಿ, ಹಾಗಾಗಿ ಆ ವಿದ್ಯೆ ನನಗೆ ಒಲಿಯಲೇ ಇಲ್ಲ. ಸಂತೆಯಲ್ಲಿ ಹೇಳಿದ ರೇಟಿಗೆ ಬದನೆಕಾಯಿ ತಂದು, ಹೆಂಡತಿ ಹೊನ್ನವ್ವನಿಂದ ಬೈಸಿಕೊಳ್ಳುವುದೇ ನನ್ನ ನಿವೃತ್ತಿ ಜೀವನ. ಅಂಥವನು ಸ್ಪ್ಯಾನಿಷಿನಲ್ಲಿ ಚೌಕಾಸಿ ಕಲಿತೆ ಅಂದರೆ ನಗಬೇಡಿ. ನಕ್ಕರೂ ಅಡ್ಡಿಯಿಲ್ಲ, ಓಣಿಯೇ ನಕ್ಕಿದೆ.

ಆಲಮಟ್ಟಿ ಹಿನ್ನೀರಿನ ಹಕ್ಕಿಗಳ ಫೋಟೊ ತೆಗೆಯಲು ಸ್ಪೇನಿನಿಂದ ಬಂದ ಎಲೆನಾ ನಮ್ಮ ಎದುರುಮನೆಯಲ್ಲಿ ಇಳಿದುಕೊಂಡಿದ್ದಳು. ಅವಳ ಇಂಗ್ಲಿಷು ಅಷ್ಟಕ್ಕಷ್ಟೇ; ನನ್ನದು 'ಹೋಲ್ಡಾನ್', 'ರೈಟ್' ಎರಡೇ. ಕಟ್ಟೆಯ ಮೇಲೆ ಒಣಗಲು ಹಾಕಿದ್ದ, ಹಳೆ ಸೀರೆ ತುಂಡು ಸೇರಿಸಿ ಹೊಲಿದ ಹೊನ್ನವ್ವನ ಕೌದಿ ಕಂಡು, ಕೊಡುತ್ತೀರಾ ಎಂದು ಕೈಸನ್ನೆಯಲ್ಲಿ ಕೇಳಿದಳು.

"ನಾಕ ತಿಂಗಳ ಕೈ ಚುಚ್ಚಿಸ್ಕೊಂಡ ಹೊಲ್ದೇನಿ. ನಾಕ ಸಾವಿರಕ್ಕ ಒಂದ ರೂಪಾಯಿ ಕಮ್ಮಿ ಇಲ್ಲ," ಅಂದಳು ಹೊನ್ನವ್ವ. "ಊರ ಮಂದಿ ಹಳಿ ಅರಬಿ ಅಂತ ಪುಕ್ಕಟ ಕೇಳ್ತಾರ. ಒಬ್ಬಾಕಿಯಾದ್ರೂ ಕಿಮ್ಮತ್ತ ತಿಳದ ಒಯ್ಯಲಿ."

'ಹಳಿ ಅರಬಿ', ಹಳೇ ಬಟ್ಟೆ, ಎಂಬ ಮಾತನ್ನು ಮೊದಲು ಆಡಿದ ಪುಣ್ಯಾತ್ಮ ನಾನೇ. ಪ್ರಾಯಶ್ಚಿತ್ತಕ್ಕೆಂದು ಮೊಬೈಲಿನಲ್ಲಿ ಸ್ಪ್ಯಾನಿಷ್ ಚೌಕಾಸಿಯ ಪಾಠ ಹಿಡಿದೆ. ಎಂಟು ದಿನ ಬಚ್ಚಲಲ್ಲೂ ಅದೇ ಗಿಳಿಪಾಠ: ಕ್ವಾಂತೊ ಕ್ವೆಸ್ತಾ, ಎಷ್ಟು? ಮುಯ್ ಕಾರೊ, ಬಹಳ ತುಟ್ಟಿ! ಮಾಸ್ ಬರಾತೊ, ಇನ್ನೂ ಅಗ್ಗ! ಒಪ್ಪದಿದ್ದರೆ ಎದ್ದು ಹೊರಡಬೇಕು. ಪಾಠವೆಲ್ಲ ಕೊಳ್ಳುವವರದು, ನಾವು ಮಾರುವವರು ಎಂಬುದು ಈ ಜಾಣನ ತಲೆಗೆ ಹೊಳೆಯಲೇ ಇಲ್ಲ.

ರವಿವಾರ ಎಲೆನಾ ಬಂದು ಕಟ್ಟೆಯ ಮೇಲೆ ಕೂತಳು. ನಾನು ಗಂಟಲು ಸರಿಮಾಡಿಕೊಂಡು 'ಕ್ವಾತ್ರೊ ಮಿಲ್', ನಾಲ್ಕು ಸಾವಿರ, ಎಂದೆ. ಆಕೆ ತಲೆಯಾಡಿಸಿ ಪರ್ಸು ತೆಗೆದೇಬಿಟ್ಟಳು. ಅಲ್ಲಿಗೆ ಬಾಯಿ ಮುಚ್ಚಬೇಕಿತ್ತು. ಆದರೆ ಪಾಠದಲ್ಲಿ ಬೆಲೆಯ ಹಿಂದೆಯೇ ಬರುವ ಮಾತು ತಾನಾಗಿ ಬಂತು: "ಮುಯ್ ಕಾರೊ!" ಆಕೆ ಬೆಚ್ಚಿದಳು. "ಮಾಸ್ ಬರಾತೊ!" ಎಂದೆ, ಇನ್ನೂ ಜೋರಾಗಿ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು, ನನ್ನದೇ ಮನೆಯ ಕಟ್ಟೆ ಇಳಿದು ಹೊರಟೆ!

ತಿರುಗಿ ನೋಡಿದರೆ ಪರ್ಸು ಮತ್ತೆ ಚೀಲದೊಳಗೆ.

"ಯಾರ ಕಡಿ ಅದೀರಿ ನೀವು?" ಎಂಟು ದಿನ ನನ್ನ ಪಾಠ ಕೇಳಿದ್ದ ಹೊನ್ನವ್ವ ಎದ್ದು ನಿಂತಳು. "ನನ್ನ ಕೌದಿಗಿ ನೀವ ತುಟ್ಟಿ ಅಂದ್ರ ಬ್ಯಾರೇದವ್ರ ಏನಂದಾರು?"

ನಾನು ಚಪ್ಪಲಿ ಕಳಚಿ ಮತ್ತೆ ಕಟ್ಟೆ ಹತ್ತಿದೆ.

ಹೊನ್ನವ್ವ ನನ್ನ ಹೆಗಲಿನ ಟವೆಲ್ ಸರಕ್ಕನೆ ಎಳೆದುಕೊಂಡಳು. ಅವಳಪ್ಪ ದನದ ಸಂತೆಯ ದಲ್ಲಾಳಿ. ಅಲ್ಲಿ ರೇಟು ಬಾಯಲ್ಲಿ ಆಡುವುದಿಲ್ಲ. ಪಕ್ಕದವನಿಗೂ ಗೊತ್ತಾಗದಂತೆ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಹೇಳುತ್ತಾರೆ. ಹೊನ್ನವ್ವ ಐನೂರರ ಎರಡು ನೋಟು ತೋರಿಸಿ ಒಂದು ಬೆರಳೆತ್ತಿದಳು, ಒಂದು ಬೆರಳಿಗೆ ಸಾವಿರ. ಎಲೆನಾಗೆ ತಿಳಿಯಿತು, ನಕ್ಕು ಕೈ ಚಾಚಿದಳು. ಟವೆಲ್ಲಿನ ಕೆಳಗೆ ಏನೋ ನಡೆಯಿತು. ಹೊನ್ನವ್ವನ ಮುಖ ಅರಳಿತು. ಎಲೆನಾ ನೋಟು ಮಡಚಿ ಅವಳ ಕೈಗಿಟ್ಟು, ಕೌದಿಯನ್ನು ಎದೆಗವಚಿಕೊಂಡು ಹೋದಳು.

"ಎಷ್ಟಕ್ಕ ಆತು?" ಮೆಲ್ಲಗೆ ಕೇಳಿದೆ.

ಹೊನ್ನವ್ವ ಟವೆಲ್ಲನ್ನು ನನ್ನ ಹೆಗಲಿಗೆ ಒಗೆದಳು.

"ಮುಯ್ ಕಾರೊ," ಅಂದು ಒಳಗೆ ಹೋದಳು.