ಕುಸುಬಿ ಹೊಲದ ಕಂದು ಹೇನು ಮತ್ತು ನನ್ನ ತಮ್ಮ

ನನ್ನ ತಮ್ಮ ವಾರವಿಡೀ ಲಿಂಗಸುಗೂರಿನಲ್ಲಿ ಚಪ್ಪಲಿ ಮಾರುತ್ತಾನೆ. ಭಾನುವಾರ ಮಾತ್ರ ವಿಜ್ಞಾನಿ. ಬೈಕ್ ಏರಿ ಮಸ್ಕಿ ಹತ್ತಿರದ ನಮ್ಮ ಹೊಲಕ್ಕೆ ಬಂದು, ಬದುವಿನ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತು ಬೆಳೆಗೆ ತೀರ್ಪು ಕೊಡುತ್ತಾನೆ. ಅಪ್ಪ ಇರುವಾಗಲೇ ಹೊಲವನ್ನು ಅಕ್ಕ-ತಮ್ಮ ಇಬ್ಬರಿಗೂ ಅರ್ಧರ್ಧ ಹಂಚಿದ್ದ. ನನ್ನ ಅರ್ಧ ನಾನೇ ಮಾಡಿಸುತ್ತೇನೆ, ಅವನ ಅರ್ಧವನ್ನೂ ನಾನೇ ಕಾಯುತ್ತೇನೆ. ಬುದ್ಧಿ ಹೇಳುವುದಷ್ಟೇ ಅವನ ಪಾಲಿನ ದುಡಿಮೆ.

ಈ ಸಲ ಎರಡೂ ಕಡೆ ಕುಸುಬಿ ಹಾಕಿದ್ದೆವು. ಚಳಿ ಬಿದ್ದದ್ದೇ ಹೇನು ಹತ್ತಿತು. ಕುಡಿಯ ತುಂಬ ರಸ ಹೀರುವ ಕರಿ ಹುಳ, ಎಲೆ ಮುಟ್ಟಿದರೆ ಬೆಲ್ಲದ ಪಾಕದ ಹಾಗೆ ಅಂಟು. ಸ್ವಲ್ಪ ದಿನಕ್ಕೆ ಅವುಗಳ ನಡುವೆ ಕಂದು ಬಣ್ಣದ, ಉಬ್ಬಿಕೊಂಡ, ಅಲುಗಾಡದ ಗುಂಡುಗಳು ಕಂಡವು. ಒಂದು ಟೊಂಗೆ ಕಿತ್ತು ಉಪ್ಪಿನಕಾಯಿ ಬಾಟಲಿಯಲ್ಲಿಟ್ಟು ಬಾಯಿಗೆ ತೆಳು ಬಟ್ಟೆ ಕಟ್ಟಿದೆ. ಗುಂಡುಗಳಲ್ಲಿ ದುಂಡನೆಯ ತೂತು ಬಿದ್ದು, ಸೊಳ್ಳೆಗಿಂತ ಸಣ್ಣ ಕಣಜಗಳು ಹೊರಬಂದವು. ತಾಯಿ ಕಣಜ ಹೇನಿನ ಹೊಟ್ಟೆಯಲ್ಲೇ ತತ್ತಿ ಇಟ್ಟಿತ್ತು. ಕಣಜದ ಮರಿ ಆ ಹೇನನ್ನು ಒಳಗಿನಿಂದ ತಿಂದು ಸಿಪ್ಪೆ ಉಳಿಸಿತ್ತು. ಆ ಸಿಪ್ಪೆಯೇ ಕಂದು ಗುಂಡು.

ಇದನ್ನು ಹೇಳಿದರೆ ವಿಜ್ಞಾನಿ ಕೇಳಬೇಕಲ್ಲ! ಟೊಂಗೆಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಸಿಂಧನೂರಿಗೆ ಹೊರಟ. ನಾನೂ ಬೈಕ್ ಹಿಂದೆ ಕೂತೆ. ಕೀಟನಾಶಕಕ್ಕೆ ನಾವು ಎಣ್ಣೆ ಅನ್ನುತ್ತೇವೆ. ಡಾಕ್ಟರಿಗೆ ಕೂಸನ್ನು ತೋರಿಸಿದಂತೆ ಎಣ್ಣೆ ಅಂಗಡಿಗೆ ಎಲೆ ತೋರಿಸುವುದು ಇಲ್ಲಿನ ವಾಡಿಕೆ. "ಇದಕ್ಕೇನೂ ಬೇಡ, ಹೋಗು" ಎನ್ನಿಸಿಕೊಂಡು ಆ ಅಂಗಡಿಯಿಂದ ಹೊರಬಂದ ಎಲೆ ಇನ್ನೂ ಚಿಗುರಿಲ್ಲ.

"ಹೊಸಾ ಹುಳ ರೀ ಇದು. ಕಂದು ತತ್ತಿ ಇಟ್ಟೈತಿ. ಈಗ ಹೊಡೀಲಿಲ್ಲಂದ್ರ ಬೆಳಿ ಆಸೆ ಬಿಡ್ರಿ," ಎಂದ ಅಂಗಡಿಯವ, ಮೊಬೈಲಿನಿಂದ ಅರ್ಧ ಕಣ್ಣೆತ್ತಿ.

"ತತ್ತಿ ಅಲ್ಲ ರೀ, ಸತ್ತ ಹೇನು. ತೂತು ಕಾಣಂಗಿಲ್ಲೇನು?" ಎಂದೆ.

"ಅಕ್ಕಾರ, ದಢೇಸುಗೂರಿಂದ ಹಿಡದು ಕಾಲುವಿ ಗುಂಟ ಎಲ್ಲಾರೂ ನಾ ಕೊಟ್ಟ ಎಣ್ಣಿನ ಹೊಡೀತಾರ."

"ಅದಕ ಅವರ ಗದ್ದ್ಯಾಗ ಕಪ್ಪಿನೂ ಒದರಂಗಿಲ್ಲ."

ಅಕ್ಕ ಮರ್ಯಾದೆ ಕಳೆದಳೆಂದು ತಮ್ಮ ಇನ್ನೊಂದು ಡಬ್ಬಿ ಹೆಚ್ಚಿಗೆ ಕೊಂಡ.

"ನನ್ನ ಬದು ದಾಟಿದ್ರ ಕಾಲು ಮುರೀತೀನಿ ಲೇ," ಎಂದು ಹೇಳಿದ್ದಕ್ಕೆ ತನ್ನ ಅರ್ಧಕ್ಕಷ್ಟೇ ಹೊಡೆದ. ಎಲೆಗಳು ತೊಳೆದಂತಾದವು. ಹೇನಿನ ಜೊತೆ ಕಣಜಗಳೂ ಸತ್ತವು. ಮೂರು ವಾರದೊಳಗೆ ಹೇನು ತಿರುಗಿ ಬಂತು, ಕಣಜ ಬರಲಿಲ್ಲ. ಅವನ ಕುಸುಬಿ ಮಸಿ ಬಳಿದಂತೆ ಕಪ್ಪಾಯಿತು.

ಮುಂದಿನ ಭಾನುವಾರ ಬೆನ್ನಿಗೆ ಎಣ್ಣೆ ಹೊಡೆಯುವ ಮಷೀನು ಕಟ್ಟಿಕೊಂಡೇ ಬಂದ.

"ಯಕ್ಕ, ನಿನ್ನ ಹೇನು ನನ್ನ ಕಡೆ ಬಂದಾವ. ಇವತ್ತ ನಿಂದೂ ಹೊಡದ ಬಿಡ್ತೀನಿ."

"ನನ್ನ ಹೊಲದಾಗ ಹೇನು ಎಲ್ಲಿ ಅದಾವ, ತೋರಸು."

ಬಗ್ಗಿ ನೋಡಿದ. ಸಿಕ್ಕಿದ್ದೆಲ್ಲ ಕಂದು ಸಿಪ್ಪೆ. ಆದರೂ ಅವನ ಮುಖ ಅರಳಿತು.

"ನೋಡಿದೇನು? ಇಲ್ಲಿ ಒಂದೂ ಇಲ್ಲ. ಎಲ್ಲಾ ನನ್ನ ಕಡೇನ ಹೋಗ್ಯಾವ!"

ಇಂಥ ತಲೆಯೊಂದಿಗೆ ಏನು ವಾದ? ಎಣ್ಣೆ ಕಲಸಲು ನೀರು ಬೇಕಿತ್ತು, ಬೋರು ನನ್ನ ಪಾಲಿನಲ್ಲಿತ್ತು. ಸ್ಟಾರ್ಟರ್ ಪೆಟ್ಟಿಗೆಗೆ ಬೀಗ ಹಾಕಿ ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡೆ.

"ಕುಡಿಯಾಕ ಬೇಕಂದ್ರ ಒಂದ್ ಚರಿಗಿ ಕೊಡ್ತೀನಿ. ಮಷೀನಿಗೆ ಹನಿ ಇಲ್ಲ."

"ಹೆಣ್ಮಕ್ಕಳಿಗೆ ಪಾಲು ಕೊಟ್ರ ಹಿಂಗ ಆಗತೈತಿ."

"ಕೊಟ್ಟಾವ ಅಪ್ಪ. ನೀ ಯಾವನಲೇ?"

ಖಾಲಿ ಮಷೀನು ಬೆನ್ನ ಮೇಲೆ ಗಡಗಡ ಅನ್ನಿಸುತ್ತ ಬೈಕ್ ಏರಿ ಹೋದ. ಅವನು ಕಣ್ಮರೆಯಾದ ಮೇಲೆ ನನ್ನ ಸಾಲುಗಳಲ್ಲಿ ಒಳಗಿನ ಕಣಜ ಇನ್ನೂ ತೂತು ಕೊರೆಯದ ಕಂದು ಗುಂಡುಗಳಿದ್ದ ಟೊಂಗೆಗಳನ್ನು ಹುಡುಕಿ ಕಿತ್ತೆ. ಕುಸುಬಿ ಮುಳ್ಳು ಚುಚ್ಚಿಸಿಕೊಂಡು ಅವನ್ನು ಅವನ ಗಿಡಗಳ ನಡುವೆ ಅಲ್ಲಲ್ಲಿ ಸಿಕ್ಕಿಸಿದೆ. ಅಕ್ಕರೆಗಲ್ಲ. ಆ ದಡ್ಡ ಸಾಕಿದ ಹೇನು ಬದು ದಾಟಿ ನನ್ನ ಬೆಳೆಗೆ ಬರಬಾರದಲ್ಲ.