ಅಟ್ಟ ಹತ್ತುವ ಬಾಣಲೆ

ನಮ್ಮ ಮನೆಗೆ ರೇಷ್ಮೆ ಹುಳು ಬಂದ ದಿನವೇ ಬಾಣಲೆ ಅಟ್ಟ ಹತ್ತುತ್ತದೆ. ತಾಯಲೂರಿನ ಸುತ್ತಮುತ್ತ ಹುಳು ಸಾಕುವ ಯಾವ ಮನೆಗೆ ಹೋದರೂ ಇದೇ ಕಟ್ಟಳೆ: ಹುಳುವಿಗೆ ಒಗ್ಗರಣೆಯ ಘಾಟು ಆಗದು, ಕರಿದ ಎಣ್ಣೆಯ ವಾಸನೆ ಆಗದು, ಬೀಡಿಯ ಹೊಗೆಯಂತೂ ಆಗಲೇ ಆಗದು. ಹಾಗಾಗಿ ಅವು ಹಿಪ್ಪುನೇರಳೆ ಸೊಪ್ಪು ಮೇಯ್ದು, ಬಲಿತು ಹಣ್ಣಾಗಿ, ಗೂಡು ಕಟ್ಟುವವರೆಗೆ ನಾವು ಮುದ್ದೆ, ಉಪ್ಪುಸಾರು, ಬೇಯಿಸಿದ ಕಾಳು ಎಂದು ಸನ್ಯಾಸಿಗಳ ಹಾಗೆ ಉಣ್ಣುತ್ತೇವೆ. ನೀವು ನಗಬಹುದು ಗೆಳೆಯರೇ, ಆದರೆ ಹುಳುವಿನ ಮುಂದೆ ನಾಲಿಗೆಯ ಆಟ ನಡೆಯುವುದಿಲ್ಲ.

ಗೂಡು ಕೋಲಾರದ ಮಾರುಕಟ್ಟೆ ಸೇರಿತೋ, ಆಗ ನೋಡಬೇಕು ನಮ್ಮ ಮನೆಯವರ ಅವತಾರ! ನೆಂಟರನ್ನು ಕರೆಯಬೇಕು, ಬೋಂಡ ಕರಿಯಬೇಕು, ಕುರಿ ಮಾಂಸದ ಸಾರಿನ ಮೇಲೆ ಎಣ್ಣೆ ಬೆರಳುದ್ದ ತೇಲಬೇಕು, ಕೊಬ್ಬಿನ ತುಂಡನ್ನೇ ಹುಡುಕಿ ಅವರ ತಟ್ಟೆಗೆ ಹಾಕಬೇಕು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನಾನು ಕಟ್ಟಿಕೊಂಡ ಮಹಾನುಭಾವರು ಎರಡನ್ನೂ ಬಲ್ಲವರಲ್ಲ.

ಹೋದ ವರ್ಷ ನನ್ನ ಬಾವ, ಎಂದರೆ ಇವರ ಸ್ವಂತ ಅಣ್ಣ, ಸೊಪ್ಪು ಕೊಯ್ಯುತ್ತಿದ್ದವರು ತೋಟದಲ್ಲೇ ಎದೆ ಹಿಡಿದುಕೊಂಡು ಕುಸಿದರು. ಮುಳಬಾಗಿಲಿನ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು. ತಿಥಿ ಮುಗಿದ ಮೇಲೆ ನಮ್ಮೂರ ಆರೋಗ್ಯ ಕೇಂದ್ರದ ನರ್ಸ್ ಶೈಲಾ ಸಿಸ್ಟರ್ ಮನೆಗೇ ಬಂದು, ಅಣ್ಣನಿಗಾದದ್ದು ತಮ್ಮನಿಗೂ ಆಗಬಾರದಲ್ಲ ಎಂದು ಹಟ ಹಿಡಿದು ಇವರ ರಕ್ತ ತೆಗೆದುಕೊಂಡು ಹೋದರು. ಕೊಲೆಸ್ಟ್ರಾಲ್ ಏರಿ ಕೂತಿತ್ತು. ಡಾಕ್ಟರು ಮಾತ್ರೆ ಬರೆದರು. ತಿಂಗಳಿಗೊಮ್ಮೆ ಅದನ್ನು ಕೊಡುವುದು, ಬಿ.ಪಿ. ನೋಡುವುದು, ಬೀಡಿ ಬಿಡಿಸಲು ಹೆಣಗುವುದು, ಎಲ್ಲ ಸಿಸ್ಟರ್ ಪಾಲಿಗೆ ಬಂತು.

ಕೆಲವು ತಿಂಗಳ ಮೇಲೆ ಮತ್ತೆ ಪರೀಕ್ಷೆ ಮಾಡಿದಾಗ ಮನೆಯಲ್ಲಿ ಹುಳುವಿತ್ತು. ರಿಪೋರ್ಟು ಚೆನ್ನಾಗಿ ಬಂತು. ಉಪ್ಪುಸಾರೇ ರೋಗವನ್ನು ಬೇರು ಸಹಿತ ಕಿತ್ತುಹಾಕಿತೆಂದು ತೀರ್ಮಾನಿಸಿದ ಇವರು ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿಬಿಟ್ಟರು. ಗೂಡು ಮಾರಿದ ಮೇಲೆ ಬೋಂಡ ಶುರುವಾಯಿತು, ಮಾತ್ರೆ ಶುರುವಾಗಲಿಲ್ಲ.

ಹೊಸ ಮಾತ್ರೆ ಕೊಡುವ ಮೊದಲು ಸಿಸ್ಟರ್ ಹಳೆಯ ಖಾಲಿ ಶೀಟು ಕೇಳುತ್ತಾರೆ. ಆ ತಿಂಗಳು ಕೇಂದ್ರಕ್ಕೆ ಹೋದಾಗ ಇವರ ಜೇಬಿನಿಂದ ಬಂದದ್ದು ತುಂಬಿದ ಶೀಟು. ಪಕ್ಕದಲ್ಲಿದ್ದ ನಾನು ಅದನ್ನು ಕಸಿದು ಸಿಸ್ಟರ್ ಮುಂದಿಟ್ಟೆ.

"ಯಾಕಣ್ಣ, ಇದು ಹಂಗೇ ಐತೆ?"

"ವಾಸಿ ಆಯ್ತಲ್ಲಮ್ಮ. ರಿಪೋರ್ಟು ನೀನೇ ತೋರಿಸ್ದೆ."

ಹುಳು ಮೇವು ಬಿಟ್ಟು ಪೊರೆ ಕಳಚುವುದನ್ನು ನಮ್ಮಲ್ಲಿ ಜ್ವರ ಎನ್ನುತ್ತೇವೆ. ಸಿಸ್ಟರ್ ಅದನ್ನೇ ಹಿಡಿದರು. "ಎರಡು ಜ್ವರ ಚೆನ್ನಾಗಿ ದಾಟ್ತು ಅಂತ ಹುಳಕ್ಕೆ ಸೊಪ್ಪು ಹಾಕೋದು ನಿಲ್ಲಿಸ್ತೀರಾ? ಮಾತ್ರೆ ನುಂಗ್ತಿದ್ರಿ, ಅದಕ್ಕೇ ಕಮ್ಮಿ ಬಂದಿದ್ದು. ನೀವಾಗೇ ಬಿಟ್ರೆ ಮತ್ತೆ ಏರುತ್ತೆ. ಹುಳಕ್ಕೋಸ್ಕರ ಬಾಣಲೆ ಅಟ್ಟಕ್ಕೆ ಹಾಕ್ತೀರಿ, ಬೀಡಿ ಆಚೆ ಹೋಗಿ ಸೇದ್ತೀರಿ. ನಿಮ್ಮ ಗುಂಡಿಗೆಗೋಸ್ಕರ ಒಂದಿನ ಏನಾದ್ರೂ ಬಿಟ್ಟಿದ್ದೀರಾ?"

ಸೋತಾಗ ಮಾತ್ರ ತೆಲುಗಿಗೆ ಜಾರುವುದು ಇವರ ಅಭ್ಯಾಸ. "ಸರ್ಲೇಮ್ಮಾ," ಎಂದು ಒಪ್ಪಿಕೊಂಡು ರಕ್ತಕ್ಕೆ ತೋಳು ಚಾಚಿದರು. ಕೊಲೆಸ್ಟ್ರಾಲ್ ಮತ್ತೆ ಏರಿತ್ತು.

ಮನೆಗೆ ನಡೆದು ಬರುವಾಗ ನನಗೆ ಸಿಟ್ಟೋ ಸಿಟ್ಟು. ಯಾವ ತಟ್ಟೆಯ ಹುಳು ಮಂಕಾಗಿದೆಯೆಂದು ಬಾಗಿಲಲ್ಲಿ ನಿಂತೇ ಹೇಳುವ ನಮಗೆ, ಜೊತೆಯಲ್ಲೇ ಉಂಡು ಮಲಗುವವರ ರಕ್ತನಾಳದಲ್ಲಿ ಏನಾಗುತ್ತಿದೆಯೆಂದು ಗೊತ್ತಾಗುವುದಿಲ್ಲ. ಗಾಯವಾದರೆ ರಕ್ತ ಸುರಿಯುತ್ತದೆ, ಜ್ವರ ಬಂದರೆ ಮೈ ಸುಡುತ್ತದೆ. ಈ ಜಿಡ್ಡು ಮಾತ್ರ ಒಲೆಯ ಹಿಂದಿನ ಗೋಡೆಗೆ ಎಣ್ಣೆಯ ಪಸೆ ಹತ್ತಿದ ಹಾಗೆ ದಿನಕ್ಕಿಷ್ಟಿಷ್ಟೇ, ಸದ್ದಿಲ್ಲದೆ ಕಟ್ಟುತ್ತದೆ. ನೋವಿಲ್ಲದ ರೋಗಕ್ಕೆ ನಿತ್ಯ ಮಾತ್ರೆ ನುಂಗುವುದು ಸುಲಭವಲ್ಲ, ಒಪ್ಪುತ್ತೇನೆ. ಆದರೆ ಬಾವನಿಗೂ ಆ ದಿನದವರೆಗೆ ಯಾವ ನೋವೂ ಇರಲಿಲ್ಲ. ಇವರನ್ನು ಹಾಗೆ ಕಳೆದುಕೊಳ್ಳಲು ನಾನು ತಯಾರಿಲ್ಲ. ಹೆದರಿಕೆಯಾಗಿತ್ತು ನಿಜ, ಹೆದರಿ ಕೂತರೆ ಆಗುವ ಕೆಲಸವಲ್ಲ ಇದು.

ಅಂದಿನಿಂದ ರಾತ್ರಿಯ ಮಾತ್ರೆ ನನ್ನ ಕೈಯಿಂದಲೇ, ನನ್ನ ಕಣ್ಣೆದುರಿಗೇ. ತಿಂಗಳ ಎಣ್ಣೆಯನ್ನು ಸಿಸ್ಟರ್ ಹೇಳಿದಂತೆ ಒಂದೇ ಸಲ ತಂದಿಡುತ್ತೇನೆ, ಮುಗಿದರೆ ಮುಗಿಯಿತು. ಸಂಜೆ ಕೆರೆ ಏರಿಯ ಮೇಲೆ ಇಬ್ಬರೂ ನಡೆಯುತ್ತೇವೆ, ಇವರು ಗೊಣಗುತ್ತ, ನಾನು ಕೇಳಿಸದವಳಂತೆ. ಬೀಡಿ ಇನ್ನೂ ಪೂರ್ತಿ ಹೋಗಿಲ್ಲ, ಬಿಡುವವಳು ನಾನಲ್ಲ.

ಮೊನ್ನೆ ಮತ್ತೆ ಗೂಡು ಮಾರಾಯಿತು. ಯಲ್ದೂರಿನ ನೆಂಟರು ರಾತ್ರಿ ಊಟಕ್ಕೆ ಬಂದರು. ಅಡುಗೆ ಯಾವಾಗಿನಂತೆ ಮುನಿರತ್ನಕ್ಕನದು. ಆಕೆ ಬಾವನ ಹೆಂಡತಿ, ನನ್ನ ಓರಗಿತ್ತಿ. ಅಕ್ಕ ಇವರಿಗೆ ಕೊಬ್ಬು ತೆಗೆಸಿದ ನಾಲ್ಕು ತುಂಡು ಮಾಂಸ ಹಾಕಿ, ತಟ್ಟೆಯ ತುಂಬ ಸೊಪ್ಪು ಬಡಿಸಿದರು. ಬೋಂಡದ ಸುಳಿವೇ ಇಲ್ಲ. ಇವರು ನೆಂಟರ ಕಡೆ ಕಣ್ಣು ಮಿಟುಕಿಸಿ, "ಏನತ್ತಿಗೆ, ಮನೇಲಿ ಇನ್ನೂ ಹುಳ ಐತಾ?" ಎಂದರು. ಎಲ್ಲರೂ ಗೊಳ್ಳೆಂದು ನಕ್ಕರು.

ಅಕ್ಕ ಸೌಟು ಹಿಡಿದು ಹಾಗೇ ನಿಂತರು.

"ಹುಳ ಇಲ್ಲ ಕಣಪ್ಪ. ನೀನಿದ್ದೀಯ."

ಇವರು ತಲೆ ತಗ್ಗಿಸಿ ಮುದ್ದೆ ಮುರಿದರು; ತಟ್ಟೆಯಲ್ಲಿ ಒಂದು ಎಸಳೂ ಬಿಡದೆ ಉಂಡರು. ಕೈ ತೊಳೆದು ಒಳಗೆ ಬಂದವರು, ನಾನು ಬಾಯಿ ತೆರೆಯುವ ಮೊದಲೇ ಕೇಳಿದರು: "ಮಾತ್ರೆ ಎಲ್ಲಿಟ್ಟಿದ್ದೀಯೇ?"