ನೀರು ಇಳಿದ ಹಾಗೆ

ನನ್ನ ತಂಗಿ ಸರೋಜ ಒಂಟಿಯಾಗಿದ್ದಳು ಅಂತ ಸಾಯಲಿಲ್ಲ. ಎದೆ ನಿಂತಿತು, ಸತ್ತಳು. ವರ್ಜೀನಿಯಾದ ಆಲ್ಡಿ ಊರಿನ ನಮ್ಮ ಮನೆಯಲ್ಲಿ ಎಲ್ಲರ ನಡುವೆ ಕೂತಿದ್ದರೂ ಅದು ನಿಲ್ಲುತ್ತಿತ್ತು. ಅವಳು ವಾಸವಿದ್ದ ದೋಣಿಯೇ ಅವಳನ್ನು ಕೊಂದಿತು ಎನ್ನುವವರು ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ಒಬ್ಬರೂ ಆ ದೋಣಿ ಹತ್ತಿದವರಲ್ಲ. ನಾನು ಹತ್ತಿದ್ದೇನೆ.

ಇವತ್ತು ಇದೆಲ್ಲ ಯಾಕೆ ಅಂದರೆ, ಬೆಳಿಗ್ಗೆ ಗರಾಜಿನಲ್ಲಿ ಒಂದು ಹಾಸಿಗೆ ಬಟ್ಟೆ ಒಣಹಾಕಿದೆ. ಈ ಬಡಾವಣೆಯಲ್ಲಿ ಹಿತ್ತಲಲ್ಲಿ ಬಟ್ಟೆ ಒಣಗಿಸಿದರೆ ಅಸೋಸಿಯೇಷನ್ನಿನಿಂದ ಕಾಗದ ಬರುತ್ತದೆ. ಬಿಸಿಲಿಗೂ ಪರ್ಮಿಷನ್ ಬೇಕು. ಡ್ರೈಯರಿನಲ್ಲಿ ಹುರಿದ ಬಟ್ಟೆ ನನಗೆ ಸೇರುವುದಿಲ್ಲ. ಅದಕ್ಕೇ ಗರಾಜಿನಲ್ಲಿ ಈ ಗೋಡೆಯಿಂದ ಆ ಗೋಡೆಗೆ ಸರೋಜಳ ದೋಣಿಯ ಹಗ್ಗವೊಂದನ್ನು ಕಟ್ಟಿಸಿಕೊಂಡಿದ್ದೇನೆ. ಒದ್ದೆ ಬಟ್ಟೆ ತಗುಲಿದ್ದೇ ತಡ, ಹಗ್ಗದಿಂದ ಕಾಲುವೆಯ ವಾಸನೆ ಎದ್ದಿತು. ಕೆಸರು, ಕೊಳೆತ ಎಲೆ, ಸ್ವಲ್ಪ ಡೀಸೆಲ್.

ಮೊಮ್ಮಗಳು ಅನಿ ಮೂಗು ಹಿಡಿದುಕೊಂಡು, “ಅಜ್ಜೀ, ಇಟ್ ಸ್ಟಿಂಕ್ಸ್!” ಅಂದಳು.

“ನಿನ್ನ ಚಿಕ್ಕಜ್ಜಿ ವಾಸನೆ ಕಣೇ ಅದು” ಅಂದೆ. ಮೂಗಿನಿಂದ ಕೈ ತೆಗೆದಳು.

ಸರೋಜಳ ಗಂಡ ಮುಕುಂದ ದಕ್ಷಿಣದ ಕಮ್ಮಿಂಗ್ ಅನ್ನುವ ಊರಿನ ಹತ್ತಿರದ ದೊಡ್ಡ ಕೆರೆಯ ದಡದಲ್ಲಿ ದೋಣಿ ರಿಪೇರಿ ಮಾಡುತ್ತಿದ್ದ. ನಮ್ಮ ಜನ ಸಿಕ್ಕಿದರೆ ಮೊದಲು ಕೇಳುವುದು, ಯಾವ ಕಂಪನಿ ಅಂತ. ಅವನು ಎರಡೂ ಕೈ ತೋರಿಸುತ್ತಿದ್ದ, ಉಗುರಿನ ತುಂಬ ಗ್ರೀಸು. ಕೊರೋನಾದಲ್ಲಿ ಹೋದ. ಮಕ್ಕಳಿರಲಿಲ್ಲ. ಬಿಟ್ಟು ಹೋದದ್ದು ಒಂದು ಬಾಡಿಗೆ ಮನೆ, ತಾನೇ ಸರಿಮಾಡಿದ ಒಂದು ಹಳೆಯ ದೋಣಿ. ಉದ್ದಕ್ಕೆ, ಇಕ್ಕಟ್ಟಾಗಿ, ರೈಲಿನ ಡಬ್ಬಿಯ ಹಾಗೆ. ಒಲೆ, ಮಂಚ, ಬಚ್ಚಲು ಎಲ್ಲ ಒಂದರ ಹಿಂದೆ ಒಂದು.

ಮಾರು ಅಂದೆವು. ಎಲ್ಲರಿಗಿಂತ ಮೊದಲು ಹೇಳಿದವಳು ನಾನೇ. ಮಗಳು ವೀಣಾ ನಮ್ಮ ಬೇಸ್‌ಮೆಂಟಿನಲ್ಲಿ ಅವಳಿಗೆಂದು ಕೋಣೆ ಮಾಡಿಸಿದಳು, ಮಂಚ ತಂದಳು, ನಾನು ಹಾಸಿಗೆ ಹಾಸಿದೆ. ಸರೋಜ ಬಂದು ನಾಲ್ಕು ದಿನ ಇದ್ದಳು.

“ಈ ಮನೇಲಿ ಏಸಿ ಸದ್ದು ಬಿಟ್ರೆ ಏನೂ ಕೇಳ್ಸಲ್ಲ ಅಕ್ಕ. ನಂಗೆ ನಿದ್ದೆನೇ ಬರಲ್ಲ” ಅಂದು ಹೊರಟುಹೋದಳು. ದೋಣಿಯನ್ನು ಟ್ರಕ್ಕಿನ ಮೇಲೆ ಹೇರಿಸಿ ನಾರ್ತ್ ಕೆರೊಲಿನಾದ ಹಳೆಯ ಕಾಲುವೆಗೆ ಇಳಿಸಿದಳು. ಬೇಸಿಗೆಗೆ ಮುಂಚೆ ವರ್ಜೀನಿಯಾ ಕಡೆಗೆ ಹೋಗುವುದು, ಚಳಿ ಶುರುವಾದರೆ ದಕ್ಷಿಣಕ್ಕೆ ಇಳಿಯುವುದು. ಒಬ್ಬಳೇ. ನಾನು ದಿನಾ ಸಾಯಂಕಾಲ ಫೋನಿನಲ್ಲಿ, “ಹಾಸಿಗೆ ಹಾಸೇ ಇದೆ, ಬಾರೆ” ಅನ್ನುತ್ತಿದ್ದೆ. “ಇಲ್ಲೂ ಇದೆ, ನೀನೇ ಬಾ” ಅನ್ನುತ್ತಿದ್ದಳು.

ಹಟಕ್ಕೆ ಬಿದ್ದು ಒಂದು ಸಲ ಹೋದೆ. ಆ ಕಾಲುವೆಯ ನೀರು ಹಾಲು ಹಾಕದ ಟೀ ಇದ್ದ ಹಾಗೆ. “ಚರಂಡಿಗೆ ಕರ್ಕೊಂಬಂದ್ಯಲ್ಲೇ” ಅಂದೆ. ದಡದ ಮರಗಳಿಂದ ನೀರಿಗೆ ಇಳಿದ ಬಣ್ಣವಂತೆ, ನೀರು ಚೊಕ್ಕಟವೇ ಅಂತೆ. ದೋಣಿಯ ವೇಗವೋ ದೇವರಿಗೇ ಪ್ರೀತಿ. ದಡದಲ್ಲಿ ನಾಯಿ ಹಿಡಿದುಕೊಂಡು ನಡೆಯುತ್ತಿದ್ದ ಒಬ್ಬ ಮುದುಕ ನಮ್ಮನ್ನು ದಾಟಿಹೋದ.

“ಏನೇ ಇದು, ನಾಯಿ ಮುಂದೆ ಹೋಯ್ತು!”

“ಅದಕ್ಕೆ ಏನೋ ಅರ್ಜೆಂಟ್ ಕೆಲ್ಸ ಇರ್ಬೇಕು, ಹೋಗ್ಲಿ ಬಿಡು.”

ಕೊನೆಯಲ್ಲಿ ಲಾಕ್ ಸಿಕ್ಕಿತು. ಅಂದರೆ ಎರಡು ದೊಡ್ಡ ಗೇಟುಗಳ ನಡುವೆ ಒಂದು ಕಾಂಕ್ರೀಟ್ ತೊಟ್ಟಿ. ಈಚೆ ನೀರು ಮೇಲೆ, ಆಚೆ ನೀರು ಕೆಳಗೆ. ದೋಣಿ ಒಳಗೆ ಬಂದಮೇಲೆ ಗೇಟು ಮುಚ್ಚಿ ನೀರು ಇಳಿಸುತ್ತಾರೆ, ದೋಣಿಯೂ ಇಳಿಯುತ್ತದೆ. ಸರೋಜ ಹಗ್ಗವನ್ನು ಗೋಡೆ ಮೇಲಿನ ಗೂಟಕ್ಕೆ ಸುತ್ತಿ, ತುದಿ ನನ್ನ ಕೈಗೆ ಕೊಟ್ಟು, ಏನೋ ಹೇಳುತ್ತಾ ಹಿಂದಕ್ಕೆ ಹೋದಳು. ನಾನು ಎಮ್ಮೆ ಕಟ್ಟಿ ಬೆಳೆದವಳು. ಕೈಯಲ್ಲಿ ಯಾಕೆ ಹಿಡಿದಿರಲಿ, ದೋಣಿಯ ಕಬ್ಬಿಣಕ್ಕೆ ಬಿಗಿದು ಎರಡು ಗಂಟು ಹಾಕಿದೆ.

ನೀರು ಇಳಿಯಿತು. ದೋಣಿ ಇಳಿಯಲಿಲ್ಲ. ಒಂದು ಪಕ್ಕ ಹಗ್ಗಕ್ಕೆ ನೇತುಬಿದ್ದು ವಾಲತೊಡಗಿತು. ಒಳಗೆ ಪಾತ್ರೆಗಳೆಲ್ಲ ದಡದಡ ಉರುಳಿದವು. ಗೇಟಿನವನು ಮೇಲಿಂದ ಕೂಗುತ್ತಾ ಓಡಿದ. ಸರೋಜ ಚಾಕು ತಂದು ಹಗ್ಗ ಕತ್ತರಿಸಿದಳು. ಆಮೇಲೆ ಅಲ್ಲೇ ಕುಸಿದು ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

“ಕಟ್ಬಾರ್ದು ಅಕ್ಕ! ನೀರು ಇಳಿದಂಗೆ ಬಿಡ್ತಾ ಹೋಗ್ಬೇಕು.”

“ಮೊದ್ಲೇ ಹೇಳೋಕೇನಾಗಿತ್ತು ನಿಂಗೆ?”

“ಹೇಳ್ದೆ. ನೀನು ಯಾವತ್ತು ಕೇಳಿಸ್ಕೊಂಡಿದ್ದೀಯ?” ತುಂಡಾದ ಹಗ್ಗವನ್ನು ನನ್ನ ಚೀಲಕ್ಕೆ ತುರುಕಿದಳು. “ತಗೊಂಡ್ಹೋಗು, ಆಲ್ಡೀಲಿ ಎಮ್ಮೆ ಕಟ್ಟೋಕೆ.”

ಮುಂದಿನ ವರ್ಷ ಚಳಿ ಶುರುವಾದಾಗ ಅದೇ ಲಾಕಿನ ಮೇಲ್ಗಡೆ ದೋಣಿ ಕಟ್ಟಿ ಫೋನ್ ಮಾಡಿದಳು. “ಬೆಳಿಗ್ಗೆ ಗೇಟ್ ತೆಗೆದ ತಕ್ಷಣ ಇಳೀತೀನಿ. ದೀಪಾವಳಿಗೆ ಬರ್ತೀನಿ, ಹಾಸಿಗೆ ಒದರಿಡು” ಅಂದಳು. ಬೆಳಿಗ್ಗೆ ಗೇಟು ತೆಗೆದರು, ಅವಳು ಬರಲಿಲ್ಲ. ಗೇಟಿನವನಿಗೆ ಅವಳು ಹೋಗುವಾಗ ಬರುವಾಗ ಚಟ್ನಿಪುಡಿ ಕೊಡುತ್ತಿದ್ದಳು. ಅವನೇ ದಡದ ಮೇಲೆ ನಡೆದುಹೋಗಿ ಬಾಗಿಲು ಬಡಿದ. ಲೋಟ ತೊಳೆದು ಬೋರಲು ಹಾಕಿದ್ದಳಂತೆ. ಆಫೀಸುಗಳು ತೆರೆಯುವ ಹೊತ್ತಿಗೆ ನಮಗೆ ಫೋನು ಬಂದಿತ್ತು.

ಒಂಟಿ ಅನ್ನುವವರಿಗೆ ಇನ್ನೊಂದು ಮಾತು ಹೇಳುತ್ತೇನೆ. ನಾನು ಒಮ್ಮೆ ಈ ಮನೆಯ ಬಚ್ಚಲಲ್ಲಿ ಜಾರಿಬಿದ್ದೆ. ಮಹಡಿಯಲ್ಲಿ ಅಳಿಯ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮೀಟಿಂಗಿನಲ್ಲಿದ್ದ, ವೀಣಾ ಇನ್ನೊಂದು ಕೋಣೆಯಲ್ಲಿ ಇನ್ನೊಂದು ಮೀಟಿಂಗಿನಲ್ಲಿದ್ದಳು. ಅನಿ ಸ್ಕೂಲಿಂದ ಬಂದು, ಹಸಿವು ಅಂತ ಹುಡುಕಿದಾಗಲೇ ನಾನು ಸಿಕ್ಕಿದ್ದು.

ಕಾರ್ಯವೆಲ್ಲ ಆಲ್ಡಿಯಲ್ಲೇ ಆಯಿತು. ವೈಕುಂಠ ಸಮಾರಾಧನೆಯ ಊಟಕ್ಕೆ ಕೂತ ಒಬ್ಬಳು, “ಪಾಪ ಆಂಟಿ, ಕೊನೇಲಿ ಬಾಯಿಗೆ ಎರಡು ಹನಿ ನೀರು ಬಿಡೋಕೂ ಯಾರೂ ಇರ್ಲಿಲ್ಲ ನೋಡಿ” ಅಂದಳು.

“ಸುತ್ತ ನೀರೇ ಇತ್ತಮ್ಮ. ನೀನು ಪಾಯಸ ಹಾಕಿಸ್ಕೊ” ಅಂದೆ.

ಹಾಗೆ ಅಂದುಬಿಟ್ಟೆನೇ ಹೊರತು, ಮಾತು ಒಳಗೆ ನಟ್ಟಿತ್ತು. ಎಲ್ಲರೂ ಹೋದಮೇಲೆ ಬೇಸ್‌ಮೆಂಟಿಗೆ ಇಳಿದು ಸರೋಜಳಿಗೆಂದು ಹಾಸಿದ್ದ ಆ ಹಾಸಿಗೆಯ ಮೇಲೆ ಕೂತೆ. ಕೊನೆಯ ಗಳಿಗೆಯಲ್ಲಿ ಅವಳು ‘ಅಕ್ಕ’ ಅಂದಳೋ, ಇಲ್ಲವೋ. ಅದನ್ನು ಹೇಳುವವರು ಯಾರೂ ಇಲ್ಲ. ಇವತ್ತು ಒಗೆದು ಒಣಹಾಕಿರುವುದು ಆ ಹಾಸಿಗೆಯ ಬಟ್ಟೆಯೇ. ಇನ್ನು ಮೇಲೆ ಅನಿ ಅಲ್ಲಿ ಮಲಗುತ್ತಾಳಂತೆ, ಮಲಗಲಿ.

ಸಮಾರಾಧನೆಯ ಆ ದಿನ ವೀಣಾ ನನ್ನನ್ನು ಹುಡುಕಿಕೊಂಡು ಕೆಳಗೆ ಬಂದಳು. “ಅಮ್ಮ, ನಾಳೆ ಬೋಟ್ ತಗೊಳ್ಳೋರು ಬರ್ತಾರೆ. ನಾನು ಡ್ರೈವ್ ಮಾಡ್ಕೊಂಡು ಹೋಗಿ ಕೀ ಕೊಟ್ಬಿಡ್ತೀನಿ.”

“ನಾನೂ ಬರ್ತೀನಿ.”

ಮಾರನೆಯ ಬೆಳಿಗ್ಗೆ, ದೋಣಿ ಇನ್ನೂ ಕಟ್ಟಿದ್ದ ಆ ಲಾಕಿಗೆ ಹೋದೆವು. ದೋಣಿ ಕೊಂಡವನು ಗಡ್ಡದ ಒಬ್ಬ ಒಂಟಿ ಮನುಷ್ಯ. ಕೆಳಗಿನ ಗೇಟಿನವರೆಗೆ ನನ್ನನ್ನೂ ಕೂರಿಸಿಕೊಳ್ಳುತ್ತಾನಾ ಕೇಳು ಅಂತ ವೀಣಾಳಿಗೆ ಅಂದೆ.

“ಅಮ್ಮ, ನಿಂಗೆ ಈಜು ಬರಲ್ಲ!”

“ಸರೋಜಂಗೂ ಬರ್ತಿರ್ಲಿಲ್ಲ.”

ಗೇಟಿನವನಿಗೆ ನನ್ನ ಗುರುತು ಸಿಕ್ಕಿತು. ಹಗ್ಗ ತೋರಿಸಿ, ಬೆರಳು ಆಡಿಸಿ, ಬೇಡ ಅನ್ನುವ ಹಾಗೆ ತಲೆ ಅಲ್ಲಾಡಿಸಿದ. ಗೊತ್ತು ಅಂತ ನಾನೂ ತಲೆ ಆಡಿಸಿದೆ. ಗೂಟಕ್ಕೆ ಒಂದು ಸುತ್ತು ಹಾಕಿ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತೆ. ಹಿಂದೆ ಗೇಟು ಮುಚ್ಚಿತು. ಪಾಚಿ ಕಟ್ಟಿದ ಗೋಡೆ ನೀರಿನಿಂದ ಮೇಲಕ್ಕೆ ಬರತೊಡಗಿತು. ದಡದಲ್ಲಿದ್ದ ವೀಣಾಳ ಮುಖ ಮೇಲೆ ಹೋಯಿತು. ನಾನು ಗೇಣು ಗೇಣಾಗಿ ಹಗ್ಗ ಬಿಡುತ್ತಾ ಹೋದೆ. ಒಳಗೆ ಒಂದು ಪಾತ್ರೆಯೂ ಸದ್ದು ಮಾಡಲಿಲ್ಲ.